ಒಂದೇ ತೋಟಕ್ಕೆ ಮೂರು ಮುನ್ಸೂಚನೆ

ಮಾನ್ಯ ಸಂಪಾದಕರೇ,

ಅಡಿಕೆಗೆ ಕೊಳೆರೋಗ ಬಾರದಂತೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು. ಪುಷ್ಯ ಮಳೆಯಲ್ಲಿ ಹೊಳವು, ಅಂದರೆ ಮಳೆ ಬಿಡುವು, ಸಿಗೋದೇ ಅಪರೂಪ, ಮದ್ದು ಹೊಡೆಯುವವರು ಸಿಗೋದು ಇನ್ನೂ ಕಷ್ಟ. ಅವತ್ತು ಒಂದು ಆ್ಯಪ್‌ನಲ್ಲಿ ಮಧ್ಯಾಹ್ನ ಎರಡರವರೆಗೆ ಮಳೆಯೇ ಇಲ್ಲ, ಇನ್ನೊಂದರಲ್ಲಿ ಬೆಳಿಗ್ಗೆ ಹತ್ತಕ್ಕೇ ಜೋರು ಮಳೆ, ಟಿವಿಯಲ್ಲಿ ಇಡೀ ಜಿಲ್ಲೆಗೆ ಯೆಲ್ಲೋ ಅಲರ್ಟ್. ಮನೆಗೆ ಬಂದ ಜನರನ್ನು ವಾಪಸ್ ಕಳಿಸೋಕೆ ಮನಸ್ಸು ಬರಲಿಲ್ಲ, ಮಳೆ ಇಲ್ಲ ಅಂದ ಆ್ಯಪನ್ನೇ ನಂಬಿ ಮೈಲುತುತ್ತ, ಸುಣ್ಣ ಕಲಸಿದೆವು. ಹನ್ನೊಂದಕ್ಕೆ ಮಳೆ ಹಿಡಿಯಿತು. ಗೊನೆಗೆ ಬಿದ್ದ ಮದ್ದು ಒಣಗುವ ಮೊದಲೇ ತೊಳೆದುಹೋಯಿತು. ಮದ್ದಿನ ದುಡ್ಡು ಹೋಯಿತು, ಕೂಲಿಯೂ ಹೋಯಿತು, ಈಗ ದಿನಾ ಬೆಳಿಗ್ಗೆ ಕೊಳೆ ಬಂತಾ ಅಂತ ಮರದ ಬುಡ ನೋಡುತ್ತಿದ್ದೇವೆ.

ಆ್ಯಪ್‌ಗಳು ಬೇರೆ ಬೇರೆ ಹೇಳೋದಕ್ಕೆ ಕಾರಣ ಇದೆ. ಒಂದು ಅಮೆರಿಕದವರ ಲೆಕ್ಕ ತೆಗೆದುಕೊಳ್ಳುತ್ತದೆ, ಇನ್ನೊಂದು ಯುರೋಪಿನವರದ್ದು. ಕಂಪ್ಯೂಟರ್ ಭೂಮಿಯನ್ನು ಚೌಕ ಚೌಕ ಮಾಡಿಕೊಂಡು ಲೆಕ್ಕ ಹಾಕುತ್ತದೆ. ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ತಂದ ಹೊಸ ವ್ಯವಸ್ಥೆಯಲ್ಲೂ ಒಂದು ಚೌಕ 6 ಕಿಲೋಮೀಟರ್, ಮೊದಲು 12 ಇತ್ತು. ಆರು ಕಿಲೋಮೀಟರ್ ಅಂದರೆ ಮಲೆನಾಡಿನಲ್ಲಿ ಎರಡು ಗುಡ್ಡ, ಮೂರು ಹಳ್ಳ, ನಾಲ್ಕು ಊರು. ಇಲ್ಲಿ ಗುಡ್ಡದ ಆಚೆ ಸುರಿದ ಮಳೆ ಈಚೆ ಹನಿಯೂ ಹಾಕಿರುವುದಿಲ್ಲ. ಹಾಗಿರುವಾಗ ನಮ್ಮ ತೋಟಕ್ಕೇ ಬೆರಳಿಟ್ಟು, ಗಂಟೆಗಂಟೆಗೂ ಇಷ್ಟೇ ಮಳೆ ಅಂತ ತೋರಿಸೋದು ತಪ್ಪಲ್ವಾ? ಶೇ 60 ಅಂತ ಇದ್ದರೆ ಮಳೆ ಬರುವ ಸಾಧ್ಯತೆ ಅಷ್ಟು ಅಂತ ಅರ್ಥ, ಆದರೆ ನಮ್ಮೂರಲ್ಲಿ ಎಷ್ಟೋ ಜನ ಅದನ್ನು ಮಳೆಯ ಜೋರು ಅಂತಲೇ ಓದುತ್ತಾರೆ. ಇದನ್ನು ಕನ್ನಡದಲ್ಲಿ ಬಿಡಿಸಿ ಬರೆದರೆ ಆ್ಯಪ್ ಮಾಡುವವರಿಗೇನು ಕಷ್ಟ?

ಜಿಲ್ಲೆಗೆಲ್ಲ ಒಂದೇ ಬಣ್ಣ ಹಚ್ಚಿದರೂ ನಮಗೆ ಉಪಯೋಗ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುತ್ತದೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು.

ನಿಮ್ಮಲ್ಲಿ ಒಂದು ಕೇಳಿಕೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಪಂಚಾಯಿತಿ ಪಂಚಾಯಿತಿಗಳಲ್ಲಿ ಇವೆ. ಜಿಲ್ಲಾ ಪುಟದಲ್ಲಿ ದಿನಾ ಹೋಬಳಿವಾರು ಎರಡು ಅಂಕಿ ಹಾಕಿ, ನಿನ್ನೆ ಎಷ್ಟು ಮಳೆ ಅಂತ ಹೇಳಿದ್ದರು, ನಿಜಕ್ಕೂ ಎಷ್ಟು ಬಿತ್ತು. ಒಂದು ಮಳೆಗಾಲ ನೋಡಿದರೆ ಯಾರ ಮಾತನ್ನು ಎಷ್ಟು ನಂಬಬೇಕು ಅಂತ ನಮಗೇ ಗೊತ್ತಾಗುತ್ತದೆ. ಮೂರನೇ ಸಲದ ಮದ್ದು ಇನ್ನೂ ಬಾಕಿ ಇದೆ, ಅಷ್ಟರೊಳಗೆ ಶುರು ಮಾಡಿದರೆ ದೊಡ್ಡ ಉಪಕಾರ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು