ಚಾಪ್ಟರ್‌ಗೆ ಸ್ಕ್ವಾಡ್ ಎಂದು ಹೆಸರಿಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ಐಟಿ ಕಂಪನಿಗಳಲ್ಲಿ ಮೀಟಿಂಗುಗಳೇ ಹೆಚ್ಚಾಗಿ ಕೆಲಸ ಹಿಂದೆ ಬೀಳುತ್ತಿದೆ, ಇದಕ್ಕೆಲ್ಲ ಅಜೈಲ್ ಪದ್ಧತಿಯೇ (ಸಣ್ಣ ತಂಡಗಳು ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮುಗಿಸುವ ರೀತಿ) ಕಾರಣ ಎಂದು ಓದುಗರೊಬ್ಬರು ಬರೆದಿದ್ದರು. ಹನ್ನೊಂದು ವರ್ಷದಿಂದ ಟೆಸ್ಟರ್ ಆಗಿ, ಅಂದರೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸದಲ್ಲಿರುವ ನನಗೆ ತಪ್ಪು ಬೇರೆ ಕಡೆ ಕಾಣುತ್ತದೆ.

ನಾನು ಸೇರಿದಾಗ ನಮ್ಮ ಕಂಪನಿಯಲ್ಲಿ 40 ಜನ ಇದ್ದೆವು. ಗ್ರಾಹಕರಿಗೆ ಹಣ ವಾಪಸ್ ಮಾಡುವ ರೀಫಂಡ್ ಭಾಗ ನಮ್ಮ 7 ಜನರ ತಂಡದ್ದು. ನಾಲ್ವರು ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು, ಪ್ರಾಡಕ್ಟ್ ನೋಡಿಕೊಳ್ಳುವವರು ಒಬ್ಬರು. ಬೆಳಿಗ್ಗೆ ಕಿಟಕಿ ಪಕ್ಕ ನಿಂತು ಮಾತಾಡಿದರೆ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಸೋಮವಾರ ಬಂದ ದೂರನ್ನು ಗುರುವಾರದೊಳಗೆ ಸರಿಮಾಡಿ ರಿಲೀಸ್ ಮಾಡುತ್ತಿದ್ದೆವು.

ಬಂಡವಾಳ ಬಂತು, ಎರಡೇ ವರ್ಷದಲ್ಲಿ 300 ಜನರಾದೆವು. ಆಗ ನಮ್ಮನ್ನು ಕಸುಬಿನ ಪ್ರಕಾರ ಒಡೆದರು. ಪರದೆಯ ಮೇಲೆ ಕಾಣುವುದನ್ನು ಬರೆಯುವ ಫ್ರಂಟ್‌ಎಂಡ್‌ನವರು ಒಂದು ಕಡೆ, ಅದರ ಹಿಂದಿನ ಲೆಕ್ಕಾಚಾರ ಬರೆಯುವ ಬ್ಯಾಕೆಂಡ್‌ನವರು ಇನ್ನೊಂದು ಕಡೆ, ಟೆಸ್ಟರ್‌ಗಳೆಲ್ಲ ಮತ್ತೊಂದು ಕಡೆ. ಪ್ರತಿ ಗುಂಪಿಗೂ ಸ್ಕ್ವಾಡ್ ಎಂದು ಹೆಸರಿಟ್ಟರು. ಸ್ಪಾಟಿಫೈ ಕಂಪನಿಯ ತಂಡಗಳ ಬಗ್ಗೆ 2012ರಲ್ಲಿ ಬಂದ ಬರಹದಿಂದ ಜನಪ್ರಿಯವಾದ ಹೆಸರು ಅದು. ಆದರೆ ಆ ಬರಹದಲ್ಲಿ ಸ್ಕ್ವಾಡ್ ಎಂದರೆ ವಿನ್ಯಾಸದಿಂದ ರಿಲೀಸ್‌ವರೆಗೆ ಬೇಕಾದ ಎಲ್ಲ ಕಸುಬಿನವರೂ ಜೊತೆಗಿರುವ ಸಣ್ಣ ತಂಡ. ಒಂದೇ ಕಸುಬಿನವರ ಕೂಟಕ್ಕೆ ಚಾಪ್ಟರ್ ಎಂಬ ಬೇರೆಯೇ ಹೆಸರಿದೆ. ನಮ್ಮವರು ಚಾಪ್ಟರ್ ಕಟ್ಟಿ ಸ್ಕ್ವಾಡ್ ಎಂದು ಬೋರ್ಡು ಹಾಕಿದರು.

ಈಗ ರೀಫಂಡ್ ಪರದೆಯಲ್ಲಿ ಒಂದು ಬಟನ್ ಬದಲಿಸಬೇಕೆಂದರೂ ಮೂರು ಗುಂಪುಗಳ ಸರದಿಯಲ್ಲಿ ನಿಲ್ಲಬೇಕು. ಒಂದೊಂದು ಗುಂಪಿಗೂ ಎರಡು ವಾರದ ಸ್ಪ್ರಿಂಟ್, ಅಂದರೆ ಕೆಲಸದ ಒಂದು ಕಂತು. ನಾಲ್ಕು ದಿನದ ಕೆಲಸಕ್ಕೆ ಆರು ವಾರ ಹಿಡಿದದ್ದೂ ಇದೆ. ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ವ್ಯವಸ್ಥೆಯೂ ಹಾಗೆಯೇ ಇರುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಅದನ್ನು ನಾನು ದಿನಾ ಕಣ್ಣಾರೆ ನೋಡುತ್ತಿದ್ದೇನೆ.

ನನಗೆ ಇದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಇನ್ನೊಂದು. ನಮ್ಮ ಟೆಸ್ಟರ್‌ಗಳ ಸ್ಟ್ಯಾಂಡ್‌ಅಪ್‌ನಲ್ಲಿ, ಅಂದರೆ ದಿನದ ಚಿಕ್ಕ ಸಭೆಯಲ್ಲಿ, 26 ಜನ. 7 ಜನರಲ್ಲಿ ಪರಸ್ಪರ ಮಾತಾಡುವ ಜೋಡಿಗಳು 21. 26 ಜನರಲ್ಲಿ ಅವು 325. ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್‌ನ ನಿಯಮದಲ್ಲಿ ಈ ಸಭೆಗೆ 15 ನಿಮಿಷ, ತಂಡದಲ್ಲಿ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಕಡಿಮೆ ಜನ. ನಮ್ಮದು ಒಂದು ಗಂಟೆ ದಾಟುತ್ತದೆ. ಸಿಂಧನೂರಿನ ಕಡೆಯಿಂದ ಬಂದ ಹೊಸ ಹುಡುಗನೊಬ್ಬ, ಕನ್ನಡ ಮಾಧ್ಯಮದಲ್ಲಿ ಓದಿದವನು, ನೆಟ್‌ವರ್ಕ್ ಕಡಿದಾಗ ಗ್ರಾಹಕರು ಬಟನ್ ಎರಡು ಸಲ ಒತ್ತಿದರೆ ಹಣವೂ ಎರಡು ಸಲ ಹೋಗುವುದನ್ನು ಕಂಡುಹಿಡಿದಿದ್ದ. ಅವನ ಸರದಿ ಬರುವ ಹೊತ್ತಿಗೆ ಎಲ್ಲರೂ ಗಡಿಯಾರ ನೋಡುತ್ತಿದ್ದರು. "ನೋ ಬ್ಲಾಕರ್ಸ್" (ಯಾವ ಅಡಚಣೆಯೂ ಇಲ್ಲ) ಎಂದು ಹೇಳಿ ಸುಮ್ಮನಾದ. ಆ ವಾರವೇ ಅದು ತಪ್ಪಿನ ಸಮೇತ ರಿಲೀಸ್ ಆಯಿತು. ಹಣ ಹೋಯಿತು, ಬೈಗುಳ ಟೆಸ್ಟರ್‌ಗಳಿಗೆ ಬಂತು. ಆಮೇಲೆ ಚಹಾ ಅಂಗಡಿ ಮುಂದೆ ಅವನು ಹೇಳಿದ್ದು: "ನನಗ ಗೊತ್ತಿತ್ರೀ ಅಕ್ಕಾ. ಅಷ್ಟು ಮಂದಿ ಮುಂದ ಇಂಗ್ಲಿಷ್‌ನ್ಯಾಗ ಹೇಳಾಕ ಬಾಯೇ ಬರ್ಲಿಲ್ಲ."

ಕಿಟಕಿ ಪಕ್ಕದ ಏಳು ಜನರ ನಡುವೆ ಅವನಿದ್ದಿದ್ದರೆ ಹೇಳುತ್ತಿದ್ದ. ನನಗೆ ಅನುಮಾನವೇ ಇಲ್ಲ. ನಾನೂ ಹಾಗೆಯೇ ಮಾತು ಕಲಿತವಳು.

ಬೆಂಗಳೂರಿನಲ್ಲಿ ಕಂಪನಿ ಕಟ್ಟುತ್ತಿರುವವರಲ್ಲಿ ನನ್ನ ವಿನಂತಿ ಇಷ್ಟೇ. ಜನ ಹೆಚ್ಚಾದಾಗ ಕೆಲಸ ನೋಡಿ ತಂಡ ಮಾಡಿ. ರೀಫಂಡ್‌ಗೆ ಒಂದು ತಂಡ, ಡೆಲಿವರಿಗೆ ಒಂದು ತಂಡ, ಪ್ರತಿಯೊಂದರಲ್ಲೂ ಅದರದೇ ಟೆಸ್ಟರ್‌ಗಳು ಇರಲಿ. ಚೆನ್ನಾಗಿ ಹೊಂದಿಕೊಂಡ ತಂಡವನ್ನು ಮೂರು ತಿಂಗಳಿಗೊಮ್ಮೆ ಕಲೆಸಬೇಡಿ. ಹೊಸಬರನ್ನು ಅಂಥ ತಂಡಕ್ಕೆ ಒಬ್ಬೊಬ್ಬರಾಗಿ ಸೇರಿಸಿ, ಕನ್ನಡದಲ್ಲಿ ಹೇಳಿದರೂ ಕೇಳಿಸಿಕೊಳ್ಳುವ ಒಬ್ಬರು ಅವರ ಪಕ್ಕದಲ್ಲಿರಲಿ.

– ಸಾಫ್ಟ್‌ವೇರ್ ಟೆಸ್ಟರ್, ಮಾರತ್‌ಹಳ್ಳಿ, ಬೆಂಗಳೂರು