ಸಿಮೆಂಟ್ ಯಾಕೆ ಬೇಡ ಅಂದರೆ

ಪುಟ್ಟೀ,

'ಹಳೇ ಮನೆಯ ಹೆಂಚು ಇಳಿಸಿ ಆರ್‌ಸಿಸಿ ತಾರಸಿ ಹಾಕಿಸಿಬಿಡಮ್ಮ, ಜಂಜಾಟವೇ ಇರಲ್ಲ' ಅಂತ ಫೋನಲ್ಲಿ ಅಂದೆಯಲ್ಲ, ನಿಮ್ಮಪ್ಪ ಪಕ್ಕದಲ್ಲೇ ಕೂತು ಹೂಂಗುಟ್ಟುತ್ತಿದ್ದರು. ಅದಕ್ಕೇ ಸುಮ್ಮನಿದ್ದೆ. ಕಾಗದದಲ್ಲಾದರೆ ಯಾರೂ ನಡುವೆ ಬಾಯಿ ಹಾಕಲ್ಲ ನೋಡು.

ಅಡುಗೆಮನೆಯ ಹಿಂದಿನ ಗೋಡೆಗೆ ಬಾಡಿಗೆಗಿದ್ದವರು ಯಾರೋ ಸಿಮೆಂಟ್ ಬಳಿಸಿದ್ದರು. ನೋಡಿದರೆ ಇಡೀ ಮನೆಗೆ ಅದೇ ಗಟ್ಟಿ ಗೋಡೆ. ಮೊನ್ನೆ ಸುತ್ತಿಗೆಯ ಹಿಡಿಯಿಂದ ತಟ್ಟಿದೆ, ಡಬ್ ಡಬ್ ಅಂತು. ಉಳಿಯಲ್ಲಿ ಮೀಟಿದರೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಒಳಗಿನ ಮಣ್ಣು ಉಂಡೆ ಕಟ್ಟುವಷ್ಟು ಹಸಿ, ಅದೂ ಏಪ್ರಿಲ್ ಬಿಸಿಲಲ್ಲಿ! ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳೋದೇ. ಮೇಲೆ ಸುಣ್ಣದ ಗಾರೆ ಇದ್ದರೆ ಆ ತೇವ ಹಾಗೇ ಆರಿಹೋಗತ್ತೆ, ಸಿಮೆಂಟ್ ಒಳಗೇ ಕೂಡಿಹಾಕತ್ತೆ. ಜಗಲಿ ಗೋಡೆಯ ಹಳೇ ಗಾರೆಯನ್ನು ಯಾರೂ ಮುಟ್ಟಿಲ್ಲ, ಅಲ್ಲಿ ಕೈಯಿಟ್ಟರೆ ಒಣಕಲು. ಇನ್ನು ಆರ್‌ಸಿಸಿ ಭಾರ ಈ ಗೋಡೆ ಹೊರಲ್ಲ. ಪಿಲ್ಲರ್ ಎಬ್ಬಿಸಬೇಕು, ಅಂದರೆ ಮನೆ ಕೆಡವಬೇಕು. ಅದನ್ನು ರಿಪೇರಿ ಅಂತ ಕರೀಬೇಡ.

ಈಗ ಮಾಡಿನ ಕೆಲಸ ನಡೀತಿದೆ. ಮೃಗಶಿರ ಮಳೆ ಹಿಡಿಯೋದರೊಳಗೆ ಹೆಂಚು ವಾಪಸ್ ಕೂರಬೇಕು. ಮೂಡಿಗೆರೆ ಕಡೆಯ ಮಳೆ ನಿನಗೆ ನಾನು ಹೇಳಬೇಕಾ? ಇಳಿಸಿದ ಹೆಂಚನ್ನೆಲ್ಲ ನಾನೇ ಬ್ರಷ್ ಹಾಕಿ ಪಾಚಿ ತೆಗೀತೀನಿ. ಬೆರಳ ಗೆಣ್ಣಲ್ಲಿ ಬಡಿದರೆ ಟಣ್ ಅನ್ನೋದು ಮೇಲಕ್ಕೆ, ಒಡಕು ದನಿಯದ್ದು ಅಂಗಳದ ಮೂಲೆಗೆ. ಕೆಲವದರ ಬೆನ್ನಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪಾದ್ರಿಗಳ ಸಂಸ್ಥೆಯ ಮುದ್ರೆ ಇದೆ. ಅವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಚಾರ್ಮಾಡಿ ಘಾಟಿ ಹತ್ತಿಸಿ ತಂದಿದ್ದಿರಬೇಕು. ಅಷ್ಟು ಮಳೆ ತಿಂದೂ ಟಣ್ ಅನ್ನತ್ತೆ ಕಣೆ!

ಹೆಂಚು ಹೊರೋ ಮರದ ಪಕಾಸುಗಳು ನಡುವೆ ಚೆನ್ನಾಗೇ ಇವೆ, ಸೂರಿನ ಕಡೆಯ ತುದಿ ಮಾತ್ರ ಕುಂಬಾಗಿದೆ. ಆಚಾರಿ ಪೂರ್ತಿ ಬದಲಾಯಿಸೋಣ ಅಂದ, ನಾನು ಬೇಡ ಅಂದೆ. ಕೆಟ್ಟಷ್ಟನ್ನು ಕೊಯ್ದು ಹಲಸಿನ ತುಂಡು ಜೋಡಿಸ್ತಿದ್ದಾನೆ. ಗೆದ್ದಲು ಹಿಡೀದ ಹಾಗೆ ಗೇರೆಣ್ಣೆ, ಅದೇ ಗೇರುಬೀಜದ ಸಿಪ್ಪೆಯ ಎಣ್ಣೆ. ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರತ್ತೆ ಅಂತ ನಿಮ್ಮಪ್ಪನಿಗೆ ಬ್ರಷ್ ಕೊಟ್ಟಿಲ್ಲ. ಅವರಿಗೆ ಗ್ಲೌಸ್ ಅಂದರೆ ಅವಮಾನ.

ಗಾರೆ ಕೆಲಸ ದೀಪಾವಳಿ ಕಳೆದ ಮೇಲೆ. ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿಕೊಂಡೇ ಸುಣ್ಣ ಗಟ್ಟಿಯಾಗಬೇಕು, ಅವಸರ ಮಾಡಿದರೆ ಬಿರುಕು ಬಿಡತ್ತೆ. ಆದರೆ ಸುಣ್ಣ ಆಗಲೇ ಅರಳಿಸಿಟ್ಟಿದ್ದೀನಿ. ಹಿತ್ತಲ ಗುಂಡಿಗೆ ಸುಟ್ಟ ಸುಣ್ಣ ಹಾಕಿ ನೀರು ಬಿಟ್ಟ ಕೂಡಲೇ ಕೊತಕೊತ ಕುದಿದು ಹೊಗೆ ಎದ್ದಿತು, ಪಕ್ಕದ ಮನೆಯವರು ಬೆಂಕಿ ಬಿತ್ತೇನೋ ಅಂತ ಓಡಿಬಂದರು. ಈಗ ಮೇಲೆ ನೀರು ನಿಲ್ಲಿಸಿಟ್ಟಿದೆ. ಹಳತಾದಷ್ಟೂ ಬೆಣ್ಣೆಯ ಹಾಗಾಗತ್ತೆ. ಬಳಿಯೋವಾಗ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಜತೆಗೆ ಅಳಲೆಕಾಯಿ, ಬೆಲ್ಲ ನೆನೆಸಿದ ನೀರು. ಬೆಲ್ಲ ಅಂದಕೂಡಲೇ ನಿಮ್ಮಪ್ಪ 'ಇರುವೆಗೆ ಗೃಹಪ್ರವೇಶ' ಅಂತ ನಕ್ಕರು.

ನೀನು ಬಂದರೆ ಜಗಲಿಯ ಒಳಗೋಡೆ ನಿನಗೇ ಬಿಡ್ತೀನಿ. ಕಣ್ಣಿಗೆ ಸುಣ್ಣ ಸಿಡಿಯಬಾರದು, ಒಂದು ಕನ್ನಡಕ ತಗೊ. ಹಳೇ ಬಟ್ಟೆಯನ್ನೇ ತಾ, ಆ ಹೊಸ ಜೀನ್ಸ್ ಹಾಕ್ಕೊಂಡು ಬಂದರೆ ನನ್ನ ಕೇಳಬೇಡ.

ನಿನ್ನ
ಅಮ್ಮ