ಶಿಬಿರ ಮುಗಿದ ಮೇಲಿನ ಸಂಜೆಗಳು

ಮಾನ್ಯ ಸಂಪಾದಕರೇ,

ಮದ್ಯವರ್ಜನ ಶಿಬಿರಗಳ ಸಮಾರೋಪದ ಚಿತ್ರಗಳು ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತವೆ. ಶಾಲು, ಹಾರ, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುವ ಹೆಂಡತಿ. ಬರಲಿ, ಒಳ್ಳೆಯದೇ. ಆದರೆ ಕುಡಿತ ಬಿಟ್ಟವರು ಜಾರುವ ಅಪಾಯ ಹೆಚ್ಚಿರುವುದು ಮನೆಗೆ ಮರಳಿದ ಮೊದಲ ಮೂರು ತಿಂಗಳಲ್ಲಿ. ಆ ದಿನಗಳ ಬಗ್ಗೆ ಎಲ್ಲೂ ಒಂದು ಸಾಲು ಕಾಣುವುದಿಲ್ಲ.

ಮೊದಲು ದೇಹದ ವಿಷಯ. ವರ್ಷಗಟ್ಟಲೆ ದಿನವೂ ಕುಡಿದವರು ಆಣೆ ಹಾಕಿ, ಒಮ್ಮೆಲೇ ನಿಲ್ಲಿಸಿ, ಮನೆಯಲ್ಲೇ ಮಲಗುವುದು ಅಪಾಯ. ಕೊನೆಯ ಗ್ಲಾಸಿನ ನಂತರ ಆರೆಂಟು ಗಂಟೆಗೆ ಕೈ ನಡುಗುತ್ತದೆ, ಮೈ ಬೆವರುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸತೊಡಗುತ್ತದೆ: ಗೋಡೆಯಲ್ಲಿ ಹುಳ ಹರಿದಂತೆ, ಅಂಗಳದಿಂದ ಯಾರೋ ಕರೆದಂತೆ. ಪ್ರೇತದ ಸೋಂಕು ತಾಗಿದೆಯೆಂದು ಮಂತ್ರಿಸಿದ ನೂಲು ಕಟ್ಟಿಸಲು ಓಡುವವರು ಈಗಲೂ ಇದ್ದಾರೆ. ನೂಲು ಆಮೇಲೆ ಕಟ್ಟಿಸಿ. ಇದು ಜೀವಕ್ಕೇ ಕುತ್ತಾಗುವ ಸ್ಥಿತಿ, ಮೊದಲು ಆಸ್ಪತ್ರೆ. ಅಲ್ಲಿ ದಿನಕ್ಕೆಷ್ಟು ಕುಡಿಯುತ್ತಿದ್ದರು, ಕೊನೆಯದು ಎಷ್ಟು ಹೊತ್ತಿಗೆ ಎಂಬುದನ್ನು ಮುಚ್ಚಿಡಬೇಡಿ. ಮರ್ಯಾದೆಗೆ ಅಂಜಿ ‘ಸುಸ್ತು, ಒಂದು ಗ್ಲೂಕೋಸ್ ಹಾಕಿ’ ಎಂದರೆ, ಮೊದಲು ಕೊಡಬೇಕಾದ ಥಯಾಮಿನ್ ತಪ್ಪಿಹೋಗಬಹುದು. ಇದು ಬಿ1 ಜೀವಸತ್ವ. ಅದು ಬತ್ತಿರುವ ಮೈಗೆ ಬರೀ ಗ್ಲೂಕೋಸ್ ಹೋದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ನಡೆ ತೂರಾಡುತ್ತದೆ, ನೆನಪು ಹೋಗುತ್ತದೆ. ಹೋದ ನೆನಪು ಎಲ್ಲರಿಗೂ ಮರಳುವುದಿಲ್ಲ.

‘ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಭಿತ್ತಿಪತ್ರಗಳ ಬಗ್ಗೆಯೂ ಹೇಳಬೇಕು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿ ಮಾಡಿ ಸಾರಿಗೋ ಚಹಾಕ್ಕೋ ಬೆರೆಸಿದರೆ, ಅದು ಗೊತ್ತಿಲ್ಲದೆ ಆಮೇಲೆ ಮದ್ಯ ಕುಡಿದವರ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಅಲ್ಲಿಗೇ ಮುಗಿಯಲೂಬಹುದು. ತಿಳಿದೇ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವವರೂ ಕೊನೆಯ ಮಾತ್ರೆಯ ನಂತರ ಎರಡು ವಾರ ಎಚ್ಚರ ಬಿಡಬಾರದು. ಮದ್ಯಸಾರ ಇದೆಯೇ ಎಂದು ಕೆಮ್ಮಿನ ಸಿರಪ್‌ನ ಲೇಬಲ್ ಓದಿಕೊಳ್ಳಿ. ಆಯುರ್ವೇದದ ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ.

ಇನ್ನು ಸಂಜೆ. ಬಿಟ್ಟವರ ಪಾಲಿಗೆ ಸಂಜೆಯೇ ಕಳೆದುಹೋಗಿರುತ್ತದೆ. ಗಡಂಗಿನ ದಾರಿ, ಜತೆಗಾರರ ಹರಟೆ, ‘ಇವತ್ತಿನದು ಮುಗಿಯಿತು’ ಎಂದು ಮೈ ಸಡಿಲಿಸುವ ಹೊತ್ತು, ಎಲ್ಲವೂ ಒಟ್ಟಿಗೆ ಹೋಗಿರುತ್ತದೆ. ಈ ನಷ್ಟಕ್ಕೆ ದುಃಖಪಡಲು ಅವರಿಗೆ ನಾವು ಅವಕಾಶವನ್ನೇ ಕೊಡುವುದಿಲ್ಲ. ಬಿಟ್ಟದ್ದು ಪೀಡೆಯಲ್ಲವೇ, ಅದಕ್ಕೇಕೆ ಬೇಸರ ಅನ್ನುತ್ತೇವೆ. ಬೇಸರವಾಗುತ್ತದೆ. ಆರು ಗಂಟೆಗೆ ಆಗುತ್ತದೆ. ಹಾಗಾಗಿ ಐದಕ್ಕೇ ಹೊಟ್ಟೆಗೆ ಏನಾದರೂ ಬೀಳಲಿ: ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಇಲ್ಲವೇ ಕಲಸಿದ ಅವಲಕ್ಕಿ, ಒಂದು ಬಾಳೆಹಣ್ಣು. ಹಸಿವು ಎಷ್ಟೋ ಸಲ ಕುಡಿಯುವ ಚಪಲದ ವೇಷದಲ್ಲೇ ಬರುತ್ತದೆ. ಚಪಲವೂ ಅಲೆಯಂತೆ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಏರಿ ಇಳಿಯುತ್ತದೆ. ಅಷ್ಟು ಹೊತ್ತು ಕೈಗೆ ಕೆಲಸ, ಪಕ್ಕದಲ್ಲಿ ಜನ ಬೇಕು. ಮಲ್ಲಿಗೆ ಗಿಡದ ಬುಡ ಕೆದಕುವುದಾಗಲಿ, ಭಜನಾ ಮಂದಿರದಲ್ಲಿ ತಾಳ ಹಿಡಿಯುವುದಾಗಲಿ ಆದೀತು. ಸುಮ್ಮನೆ ಟಿವಿ ಮುಂದೆ ಕೂರುವುದು ಆಗದು. ಮನೆಯವರಿಗೆ ಒಂದು ಮಾತು: ಬಾಗಿಲಲ್ಲೇ ಬಾಯಿ ಮೂಸುವುದು, ಕಿಸೆ ತಡಕುವುದು ಬೇಡ. ನಿದ್ದೆ ಸರಿಯಾಗಲು ಕೆಲವರಿಗೆ ತಿಂಗಳುಗಳೇ ಬೇಕು, ಅದಕ್ಕೂ ಗಾಬರಿಯಾಗಬೇಡಿ.

ಕರಾವಳಿಯಲ್ಲಿ ಇದಕ್ಕೊಂದು ಋತುವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬೋಟುಗಳು ನಿಂತಿರುತ್ತವೆ, ಹೊರಗೆ ಮಳೆ, ಕೈ ಖಾಲಿ. ಬಲೆ ಹೆಣೆಯುವ ಕೆಲಸ ಇರುವುದೂ ಆಗಲೇ. ಹೊಸದಾಗಿ ಬಿಟ್ಟವರನ್ನು ಒಬ್ಬರೇ ಬಿಡದೆ ಆ ಗುಂಪಿನಲ್ಲಿ ಕೂರಿಸಿ. ಮೊದಮೊದಲು ಕೈ ನಡುಗಿ ಗಂಟು ತಪ್ಪಿದರೆ ನಗಬೇಡಿ.

ಆ ನಿಷೇಧ ಮುಗಿಯುವ ಮೊದಲೇ ತುಳುವರ ಆಟಿ ತಿಂಗಳು ಶುರು. ಅನೇಕ ಮನೆಗಳಲ್ಲಿ ಹಿರಿಯರಿಗೆ ಬಡಿಸುವಾಗ ಎಲೆಯ ಬದಿಗೆ ಮದ್ಯವನ್ನೂ ಇಡುವ ಕ್ರಮವಿದೆ. ತುಳುನಾಡಿನ ದೈವ ಕೊರಗಜ್ಜನಿಗೆ ಎಡೆಯಿಡುವ ಅಗೇಲಿನಲ್ಲೂ ಇದೆ. ಕಟ್ಟಳೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಬಾಟಲಿ ತರುವುದು, ಸುರಿಯುವುದು, ಆಮೇಲೆ ಖಾಲಿ ಮಾಡುವುದು ಬೇರೆಯವರ ಪಾಲಿಗಿರಲಿ. ಬಿಟ್ಟವರಿಗೆ ಪ್ರಸಾದವಾಗಿ ಚಕ್ಕುಲಿ, ವೀಳ್ಯ ಸಾಕು. ‘ಪ್ರಸಾದ, ಒಂದು ಹನಿ’ ಎಂಬ ಒತ್ತಾಯವನ್ನು ಮನೆಯ ಹಿರಿಯರೇ ಮೊದಲೇ ತಡೆದರೆ ಕೆಲಸ ಸಲೀಸು.

ಎಲ್ಲಕ್ಕಿಂತ ಕಠಿಣ, ಬಿಟ್ಟ ಮೇಲೆ ಮನೆಯಲ್ಲಿ ಸಾವಾಗುವುದು. ಬೊಜ್ಜದವರೆಗೆ, ಅಂದರೆ ಉತ್ತರಕ್ರಿಯೆಯವರೆಗೆ, ನೆಂಟರು, ಪಂದಲು, ಅಡುಗೆ, ಓಡಾಟ, ಹೇಗೋ ಸಾಗುತ್ತದೆ. ಬಾಡಿಗೆ ಪಾತ್ರೆ ಹಿಂದಿರುಗಿಸಿದ ಮರುದಿನದಿಂದ ಮನೆ ಬಿಕೋ ಅನ್ನುತ್ತದೆ. ದುಃಖಿಗಳಿಗೆ ಯಾರಾದರೂ ಪ್ರೀತಿಯಿಂದಲೇ ತಮ್ಮ ಮನೆಯ ನಿದ್ದೆ ಮಾತ್ರೆ ಕೊಡುವುದುಂಟು. ಅಲ್‌ಪ್ರಜೋಲಾಂ ಥರದ ಮಾತ್ರೆ ಮಿದುಳಿನಲ್ಲಿ ಮದ್ಯ ತಟ್ಟುವ ಬಾಗಿಲನ್ನೇ ತಟ್ಟುತ್ತದೆ. ಕುಡಿತ ಬಿಟ್ಟವರಿಗೆ ಅದು ಕೆಲವೇ ವಾರಗಳಲ್ಲಿ ಹೊಸ ಚಟವಾಗಬಹುದು. ವೈದ್ಯರು ಬರೆದುಕೊಡದೆ ಒಂದನ್ನೂ ನುಂಗಿಸಬೇಡಿ. ಅಳು, ಎದೆ ಭಾರ, ಊಟ ಸೇರದಿರುವುದು ಈ ದಿನಗಳಲ್ಲಿ ಕಾಯಿಲೆಯಲ್ಲ. ಆರು ತಿಂಗಳು ಕಳೆದರೂ ದಿನದ ಕೆಲಸಕ್ಕೆ ಏಳಲಾಗದಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಅದೇ ದಿನ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತಾಡಿಕೊಂಡದ್ದರಿಂದ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ, ಅಂದರೆ ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟಗಳಿಗೆ, ಇಂದಿಗೂ ಶುಲ್ಕವಿಲ್ಲ. ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಮನೆಯವರಿಗಾಗಿ ಅಲ್-ಅನಾನ್ ಎಂಬ ಇಂಥದ್ದೇ ಕೂಟ ಇದೆ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ‘ಇಂದಿನ ಯಕ್ಷಗಾನ’ ಪಟ್ಟಿಯಲ್ಲಿ ಯಾವ ಮೇಳದ ಆಟ ಎಲ್ಲಿ ಎಂದು ಹಾಕುತ್ತೀರಲ್ಲ, ಅದರ ಕೆಳಗೆ ಅಂದು ಸಂಜೆ ಯಾವ ಊರಿನ ಯಾವ ಕೋಣೆಯಲ್ಲಿ ಇಂಥ ಸಭೆ ಇದೆ ಎಂದು ಎರಡು ಸಾಲು ಹಾಕಿ. ಐದು ಗಂಟೆಗೆ ಪತ್ರಿಕೆ ತಿರುವುವವರ ಕಣ್ಣಿಗೆ ಬೀಳುವಷ್ಟು ದಪ್ಪ ಅಕ್ಷರದಲ್ಲಿ.

– ವ್ಯಸನಮುಕ್ತಿ ಆಪ್ತಸಮಾಲೋಚಕರು, ಉಡುಪಿ